ವಿ. ಎಂ. ಘಾಟಗೆ

ವಿಷ್ಣು ಮಾಧವ ಘಾಟಗೆ (1908–1991) ಭಾರತದ ವಿಮಾನ ವಿನ್ಯಾಸಕಾರರಲ್ಲಿ ಮೊದಲಿಗರು. ಸ್ವದೇಶದಲ್ಲಿಯೇ ರೂಪುಗೊಂಡ ತರಬೇತಿ ವಿಮಾನ ಎಚ್‌ಟಿ-2 ಇವರ ನೇತೃತ್ವದಲ್ಲಿ ಸಿದ್ಧವಾಯಿತು.

ಜನನ ಮತ್ತು ಶಿಕ್ಷಣ

ಇವರು 1908ರ ಅಕ್ಟೋಬರ್ 24ರಂದು ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ಬಳಿಯ ಹಸೂರಚಂಪು ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ಗಡಹಿಂಗ್ಲಜ ಸೀಮೆಯು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿಗೆ ಹೊಂದಿಕೊಂಡಿದ್ದು, ಅಲ್ಲಿ ಕನ್ನಡ, ಮರಾಠಿ ಎರಡೂ ಬಳಕೆಯಲ್ಲಿವೆ. ಮುಂದೆ ಜರ್ಮನಿಯ ಗಟ್ಟಿಂಗನ್‌ನಲ್ಲಿ ವಾಯುಚಲನ ಶಾಸ್ತ್ರದ ಆದ್ಯರಲ್ಲೊಬ್ಬರಾದ ಲುಡ್ವಿಗ್ ಪ್ರಾಂಟ್ಲ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1936ರಲ್ಲಿ ಡಾಕ್ಟರೇಟ್ ಪಡೆದರು. ವಿಮಾನದ ಸಣ್ಣ ಮಾದರಿಯನ್ನು ಗಾಳಿಸುರಂಗದಲ್ಲಿ ನಿಲ್ಲಿಸಿ, ಅದರ ಮೇಲೆ ಗಾಳಿ ಬೀರುವ ಬಲವನ್ನು ಅಳೆಯುವ ವಿಧಾನಕ್ಕೆ ಗಟ್ಟಿಂಗನ್ ಆಗ ಹೆಸರಾಗಿತ್ತು. ಇಂಥ ವಿದ್ಯೆ ಕಲಿತು ಬಂದವರಿಗೆ ಸ್ವದೇಶದಲ್ಲಿ ಉದ್ಯೋಗವಿರಲಿಲ್ಲ. ವಿಮಾನ ಕಟ್ಟುವ ಕಾರ್ಖಾನೆಯೇ ಇನ್ನೂ ಹುಟ್ಟಿರಲಿಲ್ಲ.

ಬೆಂಗಳೂರಿನಲ್ಲಿ

1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದಾಗ ಘಾಟಗೆಯವರು ಅಲ್ಲಿಗೆ ಸೇರಿದರು. ಅವರು ವಿನ್ಯಾಸಗೊಳಿಸಿದ ಜಿ-1 ಎಂಬ ಹತ್ತು ಆಸನಗಳ ಗ್ಲೈಡರ್ ಒಂದೇ ಒಂದು ತಯಾರಾಯಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾಗಲು ಕಾರಣರಾಗಿ, ಅಲ್ಲಿ ಪಾಠವನ್ನೂ ಹೇಳಿದರು.

ಯುದ್ಧಕಾಲದಲ್ಲಿ ಕಾರ್ಖಾನೆಯ ಕೆಲಸವೆಲ್ಲ ಬಹುಮಟ್ಟಿಗೆ ಅನ್ಯರ ವಿಮಾನಗಳ ದುರಸ್ತಿಯೇ ಆಗಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳ ರಾಶಿಯೇ ಇತ್ತು. ಸಂಸ್ಥೆಯ ಕುಶಲಕರ್ಮಿಗಳು ಅವುಗಳಲ್ಲಿ ಉಳಿಸಬಹುದಾದವನ್ನು ಗುರುತಿಸಿ, ಅಲ್ಲಿಯೇ ತೇಪೆ ಹಾಕಿ ಹಾರುವಷ್ಟರ ಮಟ್ಟಿಗೆ ಸರಿಪಡಿಸಿದರು. ಪರೀಕ್ಷಾ ಚಾಲಕ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಪೂರ್ಣ ದುರಸ್ತಿಯ ನಂತರ 1948ರ ನವೆಂಬರ್‌ನಿಂದ ಅವು ವಾಯುಪಡೆಯ ಸೇವೆಗೆ ಸೇರಿದವು. ಹೀಗೆ ಜೀವ ಪಡೆದವು ನಲವತ್ತಕ್ಕೂ ಹೆಚ್ಚು. ಇದು ಅಸಾಮಾನ್ಯ ಸಾಧನೆಯೇ ಸರಿ, ಆದರೆ ವಿನ್ಯಾಸ ಮಾತ್ರ ಪರರದು.

ಎಚ್‌ಟಿ-2 ಮತ್ತು ನಂತರ

ಆ ಕೊರತೆಯನ್ನು ತುಂಬಿದ್ದು ಎಚ್‌ಟಿ-2. 1951ರ ಆಗಸ್ಟ್‌ನಲ್ಲಿ ಇದನ್ನು ಮೊದಲ ಬಾರಿಗೆ ಹಾರಿಸಿದವರೂ ಅದೇ ಮುನ್ಷಿಯವರು. ಒಂದರ ಹಿಂದೊಂದು ಎರಡು ಆಸನ, ಕೆಳಭಾಗಕ್ಕೆ ಜೋಡಿಸಿದ ರೆಕ್ಕೆ, ಲೋಹದ ಒಡಲು ಇದರ ಲಕ್ಷಣಗಳು. ಮೊದಲ ನೋಟಕ್ಕೆ ಕೆನಡಾದ ಚಿಪ್‌ಮಂಕ್ ಎಂದು ಭ್ರಮೆಯಾಗುವುದುಂಟು. ಚಿಪ್‌ಮಂಕ್‌ನ ರೆಕ್ಕೆಯ ಹಿಂಭಾಗಕ್ಕೆ ಬಟ್ಟೆಯ ಹೊದಿಕೆಯಿರುತ್ತದೆ. ನೂರ ಅರವತ್ತಕ್ಕೂ ಹೆಚ್ಚು ಎಚ್‌ಟಿ-2ಗಳು ತಯಾರಾಗಿ, ವಾಯುಪಡೆಯಲ್ಲಿ ಟೈಗರ್ ಮಾತ್‌ನ ಸ್ಥಾನವನ್ನು ಪಡೆದವು. ಘಾನಾ ದೇಶಕ್ಕೂ ಹನ್ನೆರಡು ರವಾನೆಯಾದವು.

ಫ್ಲೈಯಿಂಗ್ ಕ್ಲಬ್‌ಗಳಿಗಾಗಿ ಪುಷ್ಪಕ್ (1958), ಅನಂತರ ಕೃಷಕ್ ವಿಮಾನಗಳೂ ಘಾಟಗೆಯವರ ಅವಧಿಯಲ್ಲಿಯೇ ಬಂದವು. 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿದ ಕಿರಣ್ ಜೆಟ್ ತರಬೇತಿ ವಿಮಾನದ ವಿನ್ಯಾಸ ತಂಡಕ್ಕೂ ಅವರೇ ಮುಖ್ಯಸ್ಥರಾಗಿದ್ದರು. 1965ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. 1991ರ ಡಿಸೆಂಬರ್ 6ರಂದು ಅವರು ನಿಧನರಾದರು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-2 ವಿಮಾನವೊಂದನ್ನು ಇಂದಿಗೂ ಕಾಣಬಹುದು.