ಹೃದಯದ ಗೆರೆ ಬರೆಸಿದ ಕಸರತ್ತಿನ ಹುಡುಗ

ನಾನು ಕಾರ್ಡಿಯಾಕ್ ಟೆಕ್ನಾಲಜಿ ಓದುತ್ತಿರುವ ವಿದ್ಯಾರ್ಥಿನಿ. ಟಿಎಂಟಿ ಪರೀಕ್ಷೆಗೆ ಬಂದವರ ಎದೆಗೆ ವೈರು ಅಂಟಿಸುವುದು ನನ್ನ ನಿತ್ಯದ ಕಲಿಕೆ. ಆಗ ಪರದೆಯ ಮೇಲೆ ಮೂಡುವ ಗೆರೆಗಳ ಹಿಂದೆ ಒಬ್ಬ ಮನುಷ್ಯರಿದ್ದಾರೆ, ವಿಲ್ಲೆಮ್ ಐಂಥೋವನ್. ಅವರ ಬದುಕು ನನಗೆ ಬಲು ಇಷ್ಟ.

ಐಂಥೋವನ್ ಹುಟ್ಟಿದ್ದು 1860ರಲ್ಲಿ, ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ಅದು ಆಗ ಡಚ್ಚರ ವಸಾಹತು. ವೈದ್ಯರಾಗಿದ್ದ ತಂದೆ ತೀರಿಕೊಂಡಾಗ ಹುಡುಗನಿಗೆ ಆರೇ ವರ್ಷ. ಮುಂದೆ ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು ನೆದರ್ಲೆಂಡ್ಸ್‌ನ ಯೂಟ್ರೆಕ್ಟ್‌ಗೆ ಬಂದು ನೆಲೆಸಿದರು.

ಅಲ್ಲಿ ವೈದ್ಯಕೀಯ ಓದುವಾಗ ಅವರು ಬರೀ ಪುಸ್ತಕದ ಹುಳುವಾಗಿರಲಿಲ್ಲ. ಕಸರತ್ತು ಮತ್ತು ಕತ್ತಿವರಸೆ ಸಂಘದ ಅಧ್ಯಕ್ಷರಾಗಿದ್ದರು, ವಿದ್ಯಾರ್ಥಿಗಳ ದೋಣಿ ಕ್ಲಬ್ ಕಟ್ಟಿದವರಲ್ಲಿ ಒಬ್ಬರಾಗಿದ್ದರು. ಓದಿನ ಭರದಲ್ಲಿ ದೇಹ ಹಾಳು ಮಾಡಿಕೊಳ್ಳಬೇಡಿ ಎಂದು ಗೆಳೆಯರ ಬೆನ್ನು ಬೀಳುತ್ತಿದ್ದರು. ಒಮ್ಮೆ ಆಟದಲ್ಲಿ ಮಣಿಕಟ್ಟು ಮುರಿಯಿತು. ಸುಮ್ಮನೆ ಕೂರಬೇಕಾಗಿ ಬಂದಾಗ ಕೈ ಹೇಗೆ ತಿರುಗುತ್ತದೆ ಎಂದು ಯೋಚಿಸತೊಡಗಿದರು. ಅವರ ಮೊದಲ ಸಂಶೋಧನೆ ಮೊಣಕೈ ಕೀಲಿನ ಮೇಲೆ!

25ನೇ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು. ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ 1887ರಲ್ಲೇ ಮನುಷ್ಯನ ಹೃದಯದ ವಿದ್ಯುತ್ತನ್ನು ದಾಖಲಿಸಿದ್ದರು. ಆದರೆ ಆ ಪಾದರಸದ ಉಪಕರಣ ನಿಧಾನ, ಗೆರೆ ಅಸ್ಪಷ್ಟ. ಐಂಥೋವನ್ ಮೊದಲು ಗಣಿತದಿಂದ ಗೆರೆಯನ್ನು ತಿದ್ದಿದರು. ಅದೂ ಸಾಲದೆನಿಸಿ ಬೇರೆ ಯಂತ್ರವನ್ನೇ ಕಟ್ಟಿದರು. ಬೆಳ್ಳಿ ಲೇಪಿಸಿದ, ಕೂದಲಿಗಿಂತ ಸಣ್ಣ ಸ್ಫಟಿಕದ ಎಳೆಯೊಂದನ್ನು ಬಲವಾದ ಅಯಸ್ಕಾಂತದ ನಡುವೆ ಇಟ್ಟರು. ಹೃದಯದ ವಿದ್ಯುತ್ ಹರಿದಾಗ ಎಳೆ ಅಲುಗುತ್ತಿತ್ತು, ಅದರ ನೆರಳು ಚಲಿಸುವ ಫೋಟೊ ಫಲಕದ ಮೇಲೆ ಗೆರೆಯಾಗುತ್ತಿತ್ತು.

ಯಂತ್ರದ ತೂಕ ಸುಮಾರು 270 ಕಿಲೊ. ನಡೆಸಲು ಐವರು ಬೇಕು. ರೋಗಿ ಎರಡೂ ಕೈ ಮತ್ತು ಎಡಗಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕು. ಅಷ್ಟು ಭಾರದ್ದನ್ನು ಆಸ್ಪತ್ರೆಗೆ ಒಯ್ಯುವುದು ಹೇಗೆ? 1905ರಲ್ಲಿ ಅವರು ಒಂದೂವರೆ ಕಿಲೊಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ರೋಗಿಗಳ ಹೃದಯದ ಸಂಕೇತವನ್ನೇ ಪ್ರಯೋಗಾಲಯಕ್ಕೆ ತರಿಸಿಕೊಂಡರು. ಗೆರೆಯ ಏರಿಳಿತಗಳನ್ನು ನಾವು ಇಂದಿಗೂ ಕರೆಯುವುದು ಅವರೇ ಇಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳಿಂದ. ಮಲಗಿದ ಹೃದಯವನ್ನಷ್ಟೇ ನೋಡಿ ಅವರು ಸುಮ್ಮನಾಗಲಿಲ್ಲ, ದೇಹ ಶ್ರಮಪಟ್ಟ ಮೇಲಿನ ಇಸಿಜಿಯನ್ನೂ ದಾಖಲಿಸಿದರು. 1924ರಲ್ಲಿ ನೊಬೆಲ್ ಬಂತು. 1927ರಲ್ಲಿ ತೀರಿಕೊಂಡರು.

ಅವರ ದಾರಿಯಲ್ಲಿ ಇತರರು ಮುಂದೆ ನಡೆದರು. ಅಮೆರಿಕದ ಆರ್ಥರ್ ಮಾಸ್ಟರ್ ಎರಡು ಮೆಟ್ಟಿಲು ಹತ್ತಿಳಿಸುವ ಪರೀಕ್ಷೆ ರೂಪಿಸಿದರು. ಪ್ರತಿ ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುವ ಇಂದಿನ ಟ್ರೆಡ್‌ಮಿಲ್ ಕ್ರಮ 1963ರಲ್ಲಿ ರಾಬರ್ಟ್ ಬ್ರೂಸ್ ಕೊಟ್ಟದ್ದು. ಇದರ ಒಳಗುಟ್ಟು ಸರಳ. ಸುಮ್ಮನಿರುವ ಹೃದಯಕ್ಕೆ ಕಿರಿದಾದ ರಕ್ತನಾಳವೂ ಸಾಲುತ್ತದೆ. ಏರು ಹತ್ತುವಾಗ ಬೇಡಿಕೆ ಹೆಚ್ಚುತ್ತದೆ, ರಕ್ತ ಸಾಲುವುದಿಲ್ಲ. ಆಗ ಎಸ್ ಮತ್ತು ಟಿ ನಡುವಿನ ಗೆರೆ ಕೆಳಗೆ ಕುಸಿಯುತ್ತದೆ.

ಇದನ್ನು ನಾನು ಪಾಠಕ್ಕೆ ಮೊದಲು ಕಲಿತದ್ದು ನನ್ನ ಅಪ್ಪನಿಂದ. ತೋಟದ ಏರು ಹತ್ತುವಾಗ ಎದೆ ಹಿಡಿದಂತಾಗುತ್ತದೆ ಎನ್ನುತ್ತಿದ್ದರು. ಮಲಗಿಸಿ ತೆಗೆದ ಇಸಿಜಿ ಸರಿಯಿತ್ತು. ಗ್ಯಾಸ್ ಇರಬೇಕು ಎಂದರು ನೆಂಟರು. ವೈದ್ಯರು ಮಾತ್ರ ಬಿಡದೆ ಟಿಎಂಟಿ ಮಾಡಿಸಿದರು. ಎರಡನೇ ಹಂತದಲ್ಲೇ ಗೆರೆ ಕುಸಿಯಿತು, ಯಂತ್ರ ನಿಲ್ಲಿಸಿದರು. ಆಂಜಿಯೊಗ್ರಾಮ್‌ನಲ್ಲಿ ರಕ್ತನಾಳ ಕಿರಿದಾಗಿದ್ದು ಕಂಡಿತು. ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಈಗ ಅದೇ ಏರನ್ನು ನಿಧಾನವಾಗಿ ಹತ್ತುತ್ತಾರೆ.

ಟಿಎಂಟಿ ಎಲ್ಲರಿಗೂ ಬೇಕಿಲ್ಲ, ಅದರ ಉತ್ತರ ಯಾವಾಗಲೂ ಕೊನೆಯ ಮಾತೂ ಅಲ್ಲ. ಯಾರಿಗೆ ಬೇಕೆಂದು ವೈದ್ಯರೇ ಹೇಳಬೇಕು. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಮೆಟ್ಟಿಲು ಹತ್ತುವಾಗ ಎದೆ ಒತ್ತಿ ನಿಂತರೆ, ಹೋದ ವರ್ಷದ ಇಸಿಜಿ ಚೆನ್ನಾಗಿತ್ತಲ್ಲ ಎಂದು ಸುಮ್ಮನಾಗಬೇಡಿ. ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ.