ಮನೆತನದ ಗುಟ್ಟನ್ನು ಬಯಲಿಗಿಟ್ಟ ವಿಲಿಯಂ ಫಾಕ್ನರ್

ಮನೆತನದ ಕೀರ್ತಿಯನ್ನು ಹೇಳಿಕೊಳ್ಳಲು ಎಲ್ಲರೂ ಮುಂದಾಗುತ್ತಾರೆ. ಅದೇ ಮನೆತನದಿಂದ ನಡೆದ ಅನ್ಯಾಯವನ್ನು ಹೇಳಲು ಎದೆಗಾರಿಕೆ ಬೇಕು. ಅಮೆರಿಕದ ಸುಪ್ರಸಿದ್ಧ ಕಾದಂಬರಿಕಾರ ವಿಲಿಯಂ ಫಾಕ್ನರ್ ಅವರಲ್ಲಿ ಆ ಎದೆಗಾರಿಕೆಯಿತ್ತು.

ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪಿ ರಾಜ್ಯದಲ್ಲಿ 1897ರ ಸೆಪ್ಟೆಂಬರ್ 25ರಂದು ಅವರು ಜನಿಸಿದರು. 1902ರಲ್ಲಿ ಕುಟುಂಬವು ಆಕ್ಸ್‌ಫರ್ಡ್ ಎಂಬ ಚಿಕ್ಕ ಪಟ್ಟಣಕ್ಕೆ ಬಂದು ನೆಲೆಸಿತು. ಮುತ್ತಜ್ಜ ಅಂತರ್ಯುದ್ಧದಲ್ಲಿ ಕರ್ನಲ್ ಆಗಿದ್ದವರು, ರೈಲುಮಾರ್ಗ ಹಾಕಿಸಿದವರು, ಗುಲಾಮರ ಒಡೆಯರೂ ಆಗಿದ್ದವರು. ಅವರ ಪರಾಕ್ರಮದ ಕಥೆಗಳನ್ನು ಕೇಳುತ್ತ ಬಾಲಕ ಬೆಳೆದನು. ಆದರೆ ಅವನನ್ನು ಎತ್ತಿ ಆಡಿಸಿದ ದಾದಿ ಕ್ಯಾರೊಲಿನ್ ಬಾರ್ ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಜನಾಂಗದ ಹೆಣ್ಣುಮಗಳು. ಕೀರ್ತಿಯೂ ಅನ್ಯಾಯವೂ ಒಂದೇ ಸೂರಿನಡಿ ಇದ್ದವು.

ಫಾಕ್ನರ್ ಪ್ರೌಢಶಾಲೆಯನ್ನೂ ಪೂರೈಸಲಿಲ್ಲ. ಊರಿನ ವಿಶ್ವವಿದ್ಯಾಲಯದ ಅಂಚೆ ಕಚೇರಿಯಲ್ಲಿ 1924ರವರೆಗೆ ಪೋಸ್ಟ್‌ಮಾಸ್ಟರ್ ಆಗಿದ್ದರು. 1929ರಲ್ಲಿ ಅಲ್ಲಿಯ ವಿದ್ಯುದಾಗಾರದಲ್ಲಿ ರಾತ್ರಿಪಾಳಿ ಮಾಡುತ್ತ ಕಾದಂಬರಿ ಬರೆದರು. ತಮ್ಮ ಸೀಮೆಯನ್ನೇ ಮಾದರಿಯಾಗಿಟ್ಟುಕೊಂಡು ಯೋಕ್ನಪಟಾಫ ಎಂಬ ಕಲ್ಪಿತ ಜಿಲ್ಲೆಯನ್ನು ನಿರ್ಮಿಸಿದರು.

1942ರಲ್ಲಿ ಪ್ರಕಟವಾದ ‘ಗೋ ಡೌನ್, ಮೋಸೆಸ್’ ಕೃತಿಯನ್ನು ಅವರು ಆ ದಾದಿಗೇ ಅರ್ಪಿಸಿದರು. ಅದರಲ್ಲಿ ಐಸಾಕ್ ಎಂಬ ಹದಿನಾರರ ಹುಡುಗ ತೋಟದ ಹಳೆಯ ಲೆಕ್ಕದ ಪುಸ್ತಕಗಳನ್ನು ಓದುತ್ತಾನೆ. ಗುಲಾಮರ ಖರೀದಿ, ಜನನ, ಮರಣಗಳ ಒಣ ನಮೂದುಗಳ ನಡುವೆ ಅಜ್ಜನ ಘೋರ ಪಾಪ ಹೊರಬೀಳುತ್ತದೆ: ಗುಲಾಮ ಹೆಂಗಸಿನಲ್ಲಿ ಪಡೆದ ಸ್ವಂತ ಮಗಳಲ್ಲಿಯೇ ಅಜ್ಜ ಮತ್ತೊಂದು ಮಗುವನ್ನು ಪಡೆದಿದ್ದನು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಐಸಾಕ್ ಆಸ್ತಿಯನ್ನೇ ತ್ಯಜಿಸುತ್ತಾನೆ. ಆದರೂ ವೃದ್ಧಾಪ್ಯದಲ್ಲಿ, ಅದೇ ಅನ್ಯಾಯ ತನ್ನ ವಂಶದಲ್ಲಿ ಮರುಕಳಿಸಿದ್ದನ್ನು ಕಾಣುತ್ತಾನೆ. ಆಸ್ತಿಯನ್ನು ಬಿಟ್ಟ ಮಾತ್ರಕ್ಕೆ ಹಿರಿಯರ ಋಣ ತೀರದೆಂಬುದೇ ಆ ಕೃತಿಯ ತಿರುಳು.

ಮುಂದೆ 1949ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಆ ಹಣದ ಒಂದಂಶವನ್ನು ಕಪ್ಪು ಜನಾಂಗದವರ ವಿದ್ಯಾಭ್ಯಾಸಕ್ಕೆ ವಿನಿಯೋಗಿಸಿದರು. ವರ್ಣಭೇದವನ್ನು ಖಂಡಿಸಿದರು, ಆದರೆ 1956ರಲ್ಲಿ, ಬದಲಾವಣೆಗೆ ಅವಸರ ಬೇಡವೆಂದು ಬರೆದು ಟೀಕೆಗೆ ಗುರಿಯಾದರು. ಕೃತಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬದುಕಿನಲ್ಲಿ ಅವರು ಕಾಣಲಿಲ್ಲ.

1962ರ ಜುಲೈ 6ರಂದು ಫಾಕ್ನರ್ ತೀರಿಕೊಂಡರು. ಮೂರು ತಿಂಗಳೂ ಕಳೆದಿರಲಿಲ್ಲ, ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಜನಾಂಗದ ತರುಣನ ಪ್ರವೇಶವನ್ನು ವಿರೋಧಿಸಿ ಅದೇ ವಿಶ್ವವಿದ್ಯಾಲಯದಲ್ಲಿ ದಂಗೆಯೆದ್ದಿತು, ಇಬ್ಬರು ಸತ್ತರು. ಮರುದಿನ, ಅಕ್ಟೋಬರ್ 1ರಂದು, ಮೆರೆಡಿತ್ ತರಗತಿಗೆ ಹೋದರು. ಐಸಾಕನ ತ್ಯಾಗದಿಂದ ತೀರದ ಋಣದ ಮೊದಲ ಕಂತು ಒಂದು ವಿದ್ಯಾಲಯದ ಬಾಗಿಲಲ್ಲಿ ಸಂದಾಯವಾಯಿತು.