ಕುದ್ಮುಲ್ ರಂಗರಾಯರ ಎರಡು ಪೈಸೆ

ಮಂಗಳೂರಿನ ಪುರಭವನಕ್ಕೆ ಯಾರ ಹೆಸರಿದೆ ಎಂದು ನಮ್ಮ ಡೊಂಬಿವಲಿಯ ಮಕ್ಕಳನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರನ್ನೇಕೆ ದೂರಲಿ? ಅದೇ ಸಭಾಂಗಣದಲ್ಲಿ ಎಷ್ಟೋ ಕಾರ್ಯಕ್ರಮ ನೋಡಿದ ನಾನೂ ಆ ಹೆಸರಿನವರು ಯಾರೆಂದು ವಿಚಾರಿಸಿದವಳಲ್ಲ. ವಿಚಾರಿಸುವಂತೆ ಮಾಡಿದ್ದು ಕಳೆದ ವರ್ಷದ ವಿದ್ಯಾರ್ಥಿವೇತನದ ಕೆಲಸ.

ಅರ್ಜಿ ಹಾಕಿದವರ ಮನೆಗೆ ಹೋಗಿ ನೋಡಿಬರುವ ಹೊಣೆ ನಮ್ಮ ಮಹಿಳಾ ವಿಭಾಗದ್ದು. ಕಲ್ಯಾಣದ ಚಾಳಿನಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ. ಹಾಜರಿ ತೀರಾ ಕಡಿಮೆ. ಓದಿನಲ್ಲಿ ಆಸಕ್ತಿಯಿಲ್ಲವೆಂದು ನಾನು ಬರೆದೂಬಿಟ್ಟಿದ್ದೆ. ಅರ್ಜಿಯಲ್ಲಿ ತಂದೆಯ ಉದ್ಯೋಗದ ಜಾಗ ಖಾಲಿ. ಅದನ್ನೂ ಅಸಡ್ಡೆಯೆಂದೇ ಎಣಿಸಿದೆ. ಹೊರಡುವ ಹೊತ್ತಿಗೆ ಅಜ್ಜಿ ಚಹಾ ಕೊಡುತ್ತಾ ಮಾತಿಗೆಳೆದಾಗ ತಿಳಿಯಿತು: ಆ ಮನೆಯಲ್ಲಿರುವುದು ಅಜ್ಜಿ, ಮೊಮ್ಮಗ ಇಬ್ಬರೇ. ಅವನು ಬೆಳಗಿನ ಜಾವ ತರಕಾರಿ ಹೊತ್ತು ತಂದ ಹಣದಲ್ಲೇ ಖೋಲಿಯ ಬಾಡಿಗೆ ಸಾಗುತ್ತಿತ್ತು. ಶಾಲೆಯ ಶುಲ್ಕವೊಂದನ್ನೇ ಕಟ್ಟಿದರೆ ಆ ಮನೆಗೆ ಏನಾಗಬೇಕು?

ಇದನ್ನು ಹೇಳಿದಾಗ ವಿಭಾಗದ ಹಿರಿಯಕ್ಕನೊಬ್ಬರು ರಂಗರಾಯರ ಕತೆ ತೆಗೆದರು.

1859ರಲ್ಲಿ ಕಾಸರಗೋಡಿನ ಕಡೆಯ ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ರಂಗರಾಯರು ಎಳೆಯ ವಯಸ್ಸಿನಲ್ಲೇ ಮಂಗಳೂರಿಗೆ ಬಂದರು. ಶಾಲೆಯಲ್ಲಿ ಕಲಿಸುತ್ತಲೇ ತಾವೂ ಓದಿ ವಕೀಲರಾದರು. ಉಳ್ಳಾಲ ರಘುನಾಥಯ್ಯನವರ ಬ್ರಹ್ಮಸಮಾಜ ಸೇರಿದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು.

ಶಾಲೆಯೇನೋ ಆಯಿತು, ಮಕ್ಕಳು ಬರಬೇಕಲ್ಲ! ಕೂಲಿಗೆ ಹೋಗುವ ಮಗು ಪಾಟಿ ಹಿಡಿದು ಕುಳಿತರೆ ಮನೆಯ ಒಂದು ದುಡಿಮೆ ನಿಂತಂತೆ. ರಂಗರಾಯರು ಅದನ್ನು ಹೆತ್ತವರ ಅಜ್ಞಾನವೆಂದು ಬೈದು ಸುಮ್ಮನಾಗಲಿಲ್ಲ. ಬಂದ ಮಕ್ಕಳಿಗೆ ದಿನಕ್ಕೆ 2 ಪೈಸೆ ಕೊಟ್ಟರು, ಮಧ್ಯಾಹ್ನದ ಊಟ ಹಾಕಿದರು. ನೇಯ್ಗೆ, ಮರಗೆಲಸ ಕಲಿಸಿದರು. ಅಷ್ಟಕ್ಕೂ ನಿಲ್ಲದೆ ಕುಟುಂಬಗಳಿಗೆ ನಿವೇಶನ, ಕುಡಿಯುವ ನೀರಿಗೆ ಬಾವಿ ಎಂದು ಓಡಾಡಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಆ ಮನೆಯ ಹೆಂಗಸರು ಹೇಗೆ ದಿನ ದೂಡಿದರೋ. ಅದನ್ನು ಯಾರೂ ಹೆಚ್ಚು ಬರೆಯುವುದಿಲ್ಲ.

ಮಗಳು ರಾಧಾಬಾಯಿಗೆ ಮದರಾಸಿನಲ್ಲೂ ಆಕ್ಸ್‌ಫರ್ಡಿನಲ್ಲೂ ಓದುವ ಅವಕಾಶ ಸಿಕ್ಕಿತು. ತಮಿಳುನಾಡಿನ ಸುಬ್ಬರಾಯನ್ ಅವರೊಂದಿಗೆ ಜಾತಿ ಮೀರಿದ ಮದುವೆಯಾಯಿತು. ಮುಂದೆ ನಮ್ಮ ಭೂಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ ಇವರ ಮಗ, ರಂಗರಾಯರ ಮೊಮ್ಮಗ. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿದ ರಂಗರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ಮಾಡಬೇಕೆಂಬುದು ಅವರ ಇಚ್ಛೆಯಾಗಿತ್ತು.

ನಾನು ಬರೆದಿದ್ದ ಸಾಲನ್ನು ಹೊಡೆದು ಹಾಕಿದೆ. ಸಮಿತಿಯಲ್ಲಿ ಸ್ವಲ್ಪ ವಾದವಾಯಿತು. ಕೊನೆಗೆ ಶುಲ್ಕದ ಜೊತೆಗೆ ಬಾಡಿಗೆಯಷ್ಟು ಹಣವನ್ನು ತಿಂಗಳು ತಿಂಗಳು ಅಜ್ಜಿಯ ಖಾತೆಗೆ ಹಾಕಲು ಒಪ್ಪಿದರು. ಈ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗದ ಬದಲು, ಮನೆಯಲ್ಲಿ ಯಾರು ಯಾರಿದ್ದಾರೆ, ಯಾರು ದುಡಿಯುತ್ತಾರೆ ಎಂಬ ಪ್ರಶ್ನೆಯಿದೆ. ಥಾಣೆ, ಐರೋಲಿಯ ಅರ್ಜಿಗಳು ಈಗಷ್ಟೇ ಬಂದಿವೆ, ಮುಂದಿನ ಭಾನುವಾರ ಹೊರಡಬೇಕು.